ಮೂಲೆ ಜಾಸ್ತಿ ಇರುವ ಗಾಡಿ: ನೇಕೆಡ್ ಬೈಕ್ ಕೊಳ್ಳುವ ಮುನ್ನ

ನಮ್ಮ ಬಡಾವಣೆಯ ವಾಟರ್ ಸರ್ವೀಸ್ ಅಂಗಡಿಯಲ್ಲಿ ಸ್ಕೂಟರಿಗೊಂದು ರೇಟು, ಬೈಕಿಗೊಂದು ರೇಟು. ನನ್ನ ಗಾಡಿ ಕಂಡರೆ ಮಾತ್ರ ಅಲ್ಲಿನ ಹುಡುಗ ಇನ್ನೂ ಇಪ್ಪತ್ತು ರೂಪಾಯಿ ಸೇರಿಸಿ ಹೇಳುತ್ತಾನೆ. ಮೊದಲ ಸಲ ಜಗಳಕ್ಕೇ ನಿಂತಿದ್ದೆ. "ಅಣ್ಣಾ, ಸ್ಕೂಟರ್ ಅಂದ್ರೆ ಡಬ್ಬ ಇದ್ದಂಗೆ, ಮೇಲೆ ನೀರು ಬಿಟ್ರೆ ಮುಗೀತು. ನಿಮ್ ಗಾಡೀಲಿ ಮೂಲೆ ಜಾಸ್ತಿ" ಅಂದ. ಹಳೇ ಟೂತ್‌ಬ್ರಷ್ ಹಿಡಿದು ಕುಕ್ಕರಗಾಲಲ್ಲಿ ಕೂತು ಫ್ರೇಮಿನ ಪೈಪುಗಳ ಸಂದಿ, ಎಂಜಿನ್ನಿನ ಹೊಟ್ಟೆ, ಸೈಲೆನ್ಸರ್ ಬೆಂಡಿನ ಹಿಂಬದಿ, ಸ್ವಿಂಗ್ ಆರ್ಮಿನ ಒಳಮೈ ಎಲ್ಲ ಕೆರೆದು ತೆಗೆಯುವ ಹೊತ್ತಿಗೆ ಮುಕ್ಕಾಲು ಗಂಟೆ ಆಗಿತ್ತು. ಮರುಮಾತಿಲ್ಲದೆ ಇಪ್ಪತ್ತು ರೂಪಾಯಿ ಕೊಟ್ಟೆ.

ನೇಕೆಡ್ ಬೈಕ್ ಅಂದರೇನು ಎಂದು ಯಾರಾದರೂ ಕೇಳಿದರೆ ಈಗ ಅವನ ಮಾತನ್ನೇ ಹೇಳುತ್ತೇನೆ. ಮುಂದೆ ಗಾಳಿ ತಡೆಯುವ ಗಾಜಿಲ್ಲ, ಎಂಜಿನ್ ಮುಚ್ಚುವ ಪ್ಲಾಸ್ಟಿಕ್ ಹೊದಿಕೆ ಅಂದರೆ ಫೇರಿಂಗ್ ಇಲ್ಲ. ಅಗಲವಾದ ಹ್ಯಾಂಡಲ್, ಹೆಚ್ಚುಕಮ್ಮಿ ನೆಟ್ಟಗೆ ಕೂರುವ ಭಂಗಿ, ಚಿಕ್ಕ ಬಾಲ. ಗಾಡಿಯ ಕರುಳೆಲ್ಲ ಹೊರಗೇ ಕಾಣುತ್ತದೆ. ನನ್ನ ಅಪ್ಪನಿಗೆ ಈ ಹೆಸರೇ ತಮಾಷೆ. "ನಮ್ಮ ಯೆಜ್ಡಿ ಯಾವತ್ತು ಅಂಗಿ ಹಾಕ್ಕೊಂಡಿತ್ತಪ್ಪ?" ಅಂತಾರೆ. ನಿಜವೇ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕುವವರೆಗೆ ಹೊರಬಿಟ್ಟ ಜಾವಾ, ಯೆಜ್ಡಿಗಳೂ, 1985ರಲ್ಲಿ ಬಂದ ಯಮಹಾ ಆರ್‌ಎಕ್ಸ್ 100 ಕೂಡ ಈ ಅರ್ಥದಲ್ಲಿ ಬೆತ್ತಲೆಯೇ. ಎಲ್ಲರೂ ಹಾಗೇ ಇದ್ದಾಗ ಅದಕ್ಕೊಂದು ಹೆಸರು ಬೇಕಿರಲಿಲ್ಲ, ಅಷ್ಟೆ. ರೇಸಿನ ಬೈಕುಗಳ ಫೇರಿಂಗ್ ರಸ್ತೆಯ ಬೈಕುಗಳಿಗೂ ಇಳಿದು ಬಂದ ಮೇಲೆ, ಅದು ಇಲ್ಲದ್ದಕ್ಕೆ ಹೆಸರು ಹುಟ್ಟಿತು.

ಬ್ರಿಟನ್ನಿನಲ್ಲಿ 1980ರ ದಶಕದಲ್ಲಿ ಬಿದ್ದು ಫೇರಿಂಗ್ ಒಡೆದುಕೊಂಡ ಹುಡುಗರು ಹೊಸದು ಹಾಕಿಸಲು ದುಡ್ಡಿಲ್ಲದೆ, ಇದ್ದದ್ದನ್ನೂ ಕಿತ್ತೆಸೆದು, ಎತ್ತರದ ಹ್ಯಾಂಡಲ್ ಹಾಕಿಕೊಂಡು ಓಡಾಡತೊಡಗಿದರು. ಆ ಗಾಡಿಗಳಿಗೆ ಸ್ಟ್ರೀಟ್‌ಫೈಟರ್ ಎಂದು ಹೆಸರಾಯಿತು. ಇಟಲಿಯ ಡುಕಾಟಿ ಕಂಪನಿಗೆ ಮಿಗೆಲ್ ಗಲ್ಲುಜ್ಜಿ ವಿನ್ಯಾಸ ಮಾಡಿಕೊಟ್ಟ ಮಾನ್ಸ್ಟರ್ 1993ರಲ್ಲಿ ಮಾರುಕಟ್ಟೆಗೆ ಬಂದಾಗ, ಬಡತನದಿಂದ ಹುಟ್ಟಿದ ಈ ರೂಪ ಶೋರೂಮಿನ ಫ್ಯಾಷನ್ ಆಯಿತು. ನಮ್ಮಲ್ಲಿ 2008ರ ಯಮಹಾ ಎಫ್‌ಝಡ್ 16 ತನ್ನ ದಪ್ಪ ಹಿಂದಿನ ಟೈರಿನಿಂದಲೇ ಕಾಲೇಜುಗಳ ಪಾರ್ಕಿಂಗ್ ಹಿಡಿಯಿತು. 2012ರಲ್ಲಿ ಕೆಟಿಎಂ 200 ಡ್ಯೂಕ್ ಬಂತು, ಅದೇ ವರ್ಷ ಪಲ್ಸರ್ 200 ಎನ್‌ಎಸ್ ಬಂತು. ಆ ಎನ್‌ಎಸ್ ಎಂಬುದರಲ್ಲಿ ಎನ್ ಅಂದರೆ ನೇಕೆಡ್.

ನಾನು ಓಡಿಸುವುದು ಇನ್ನೂರು ಸಿಸಿಯ ಗಾಡಿ. ಐದು ವರ್ಷ, 38 ಸಾವಿರ ಕಿಲೋಮೀಟರ್. ಕೊಳ್ಳಬೇಕೆಂದಿರುವವರು ನನ್ನನ್ನು ಸಾಮಾನ್ಯವಾಗಿ ಮೈಲೇಜ್ ಎಷ್ಟು, ಪಿಕಪ್ ಹೇಗೆ, ಟಾಪ್ ಸ್ಪೀಡ್ ಎಷ್ಟು ಎಂದು ಕೇಳುತ್ತಾರೆ. ಗಾಳಿಯ ಬಗ್ಗೆ ಇದುವರೆಗೆ ಒಬ್ಬರೂ ಕೇಳಿಲ್ಲ. ಕೇಳಬೇಕಾದ ಮೊದಲ ಪ್ರಶ್ನೆ ಅದು.

ಗಾಳಿಯ ಲೆಕ್ಕ

ಗಂಟೆಗೆ 60ರವರೆಗೆ ಗಾಳಿ ಇದೆಯೆಂದೇ ಗೊತ್ತಾಗುವುದಿಲ್ಲ. 80ಕ್ಕೆ ಅಂಗಿಯ ತೋಳು ಪಟಪಟ ಅನ್ನತೊಡಗುತ್ತದೆ. 100ಕ್ಕೆ ಯಾರೋ ಎದೆಯ ಮೇಲೆ ಅಂಗೈ ಇಟ್ಟು ಹಿಂದಕ್ಕೆ ದಬ್ಬಿದ ಹಾಗೆ. ಅದರಾಚೆಗೆ ಗಾಡಿ ಓಡಿಸುತ್ತಿದ್ದೇನೋ, ಹ್ಯಾಂಡಲ್ ಹಿಡಿದು ನೇತಾಡುತ್ತಿದ್ದೇನೋ ಎಂಬ ಅನುಮಾನ ಬರುತ್ತದೆ. ಇದು ಮನಸ್ಸಿನ ಭ್ರಮೆಯಲ್ಲ. ಗಾಳಿಯ ಪ್ರತಿರೋಧ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 60ರಿಂದ 120ಕ್ಕೆ ಹೋದರೆ ವೇಗ ಎರಡು ಪಟ್ಟು, ಗಾಳಿಯ ಹೊಡೆತ ನಾಲ್ಕು ಪಟ್ಟು. 80ರಿಂದ 100ಕ್ಕೆ ಏರಿಸಿದರೂ ಒಂದೂವರೆ ಪಟ್ಟು ಮೀರುತ್ತದೆ. ಫೇರಿಂಗ್ ಇರುವ ಬೈಕಿನಲ್ಲಿ ಆ ಹೊಡೆತ ಗಾಜಿಗೆ ಬೀಳುತ್ತದೆ. ಇಲ್ಲಿ ನಿಮ್ಮ ಕತ್ತಿಗೆ.

ನಾಲ್ಕು ಪಥದ ಹೆದ್ದಾರಿಯಲ್ಲಿ ದ್ವಿಚಕ್ರ ವಾಹನಕ್ಕೆ ಕೇಂದ್ರ ಸರ್ಕಾರ 2018ರಲ್ಲಿ ಗೊತ್ತುಮಾಡಿದ ಗರಿಷ್ಠ ವೇಗ 80. ಅಂದರೆ ಕಾನೂನು ಎಲ್ಲಿ ಸಾಕು ಅನ್ನುತ್ತದೋ ನೇಕೆಡ್ ಬೈಕ್ ಮೇಲೆ ಕೂತ ಮೈಯೂ ಅಲ್ಲಿಯೇ ಸಾಕು ಅನ್ನುತ್ತದೆ. ಇದು ಈ ಗಾಡಿಯ ದೋಷವೆಂದು ಬಯ್ಯುವವರಿದ್ದಾರೆ. ನನಗೆ ಇದೇ ಇದರ ದೊಡ್ಡ ಗುಣ. ಫೇರಿಂಗ್ ಹಿಂದೆ ಅಡಗಿ ಕೂತವನಿಗೆ 110 ಕೂಡ 70ರ ಹಾಗೆ ಕಾಣುತ್ತದೆ. ಇಲ್ಲಿ 80 ಅಂದರೆ 80ರ ಹಾಗೆಯೇ ಇರುತ್ತದೆ. ನಾನೇನು ಸಾಧುವಲ್ಲ, ಆ ಮಿತಿ ಮೀರಿದ ದಿನಗಳಿವೆ. ಮೀರಿದ ಪ್ರತಿ ಸಲವೂ ರಾತ್ರಿ ಕತ್ತು ತಿರುಗಿಸಲಾಗದೆ ಹೆಂಡತಿಯ ಕೈಲಿ ಮುಲಾಮು ಉಜ್ಜಿಸಿಕೊಂಡಿದ್ದೇನೆ.

ಚಿತ್ರದುರ್ಗದ ಬಳಿ ಹೆದ್ದಾರಿಯಿಂದಲೇ ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು ಕಾಣುತ್ತವೆ. ಅವನ್ನು ಅಲ್ಲಿ ನೆಟ್ಟಿದ್ದು ಸುಮ್ಮನೆ ಅಲ್ಲ. ಆಷಾಢದಲ್ಲಿ ಆ ದಾರಿಯಲ್ಲಿ ಹೋಗಿ ನೋಡಿ, ಪಕ್ಕದಿಂದ ಬೀಸುವ ಗಾಳಿ ಗಾಡಿಯನ್ನು ಒಂದು ಮಾರು ಸರಿಸಿಬಿಡುತ್ತದೆ. ಅಡ್ಡಗಾಳಿ ಹೊಡೆಯಲು ಪ್ಲಾಸ್ಟಿಕ್ಕಿನ ಅಗಲ ಗೋಡೆ ಇಲ್ಲದಿರುವುದು ನೇಕೆಡ್ ಬೈಕಿಗೆ ಅನುಕೂಲವೇ. ತೊಂದರೆ ಮಾಡುವುದು ಸವಾರ. ಹೆದರಿ ಹ್ಯಾಂಡಲನ್ನು ಬಿಗಿಯಾಗಿ ಹಿಡಿದರೆ, ಮೈಮೇಲೆ ಬಿದ್ದ ಹೊಡೆತವೆಲ್ಲ ತೋಳಿನ ಮೂಲಕ ಹ್ಯಾಂಡಲಿಗೆ ಇಳಿದು ಗಾಡಿ ತೂಗಾಡುತ್ತದೆ. ಹ್ಯಾಂಡಲ್ ಅಗಲ ಇರುವುದರಿಂದ ಚಿಕ್ಕ ತಳ್ಳು ಕೂಡ ದೊಡ್ಡದಾಗುತ್ತದೆ. ಮಂಡಿಯಿಂದ ಟ್ಯಾಂಕ್ ಅಮುಕಿ ಹಿಡಿಯಿರಿ, ಮೊಣಕೈ ಸಡಿಲ ಬಿಡಿ, ಸೊಂಟದಿಂದ ತುಸು ಮುಂದಕ್ಕೆ ಬಾಗಿ. ಗಾಡಿ ತನ್ನಷ್ಟಕ್ಕೆ ತಾನು ನೆಟ್ಟಗಾಗುತ್ತದೆ. ಇದನ್ನು ನನಗೆ ಯಾವ ಶೋರೂಮಿನವರೂ ಹೇಳಲಿಲ್ಲ, ಹಿರಿಯೂರಿನ ಡಾಬಾದಲ್ಲಿ ಟೀ ಕುಡಿಯುತ್ತಿದ್ದ ಒಬ್ಬ ಹಿರಿಯ ಸವಾರರು ಹೇಳಿಕೊಟ್ಟರು.

ಮೀಟರಿನ ಮುಂದೆ ಹಾಕುವ ಚಿಕ್ಕ ಗಾಜು, ಫ್ಲೈಸ್ಕ್ರೀನ್, ಸಿಗುತ್ತದೆ. ಎದೆಗೆ ಬೀಳುವ ಗಾಳಿ ಸ್ವಲ್ಪ ಕಡಿಮೆಯಾಗುತ್ತದೆ, ಆದರೆ ಎತ್ತರದ ಸವಾರರಾದರೆ ಅದೇ ಗಾಳಿ ಹಾರಿ ಬಂದು ಹೆಲ್ಮೆಟ್ಟಿಗೆ ಬಡಿದು ಗುಂಯ್ ಅನ್ನುತ್ತದೆ. ಸ್ನೇಹಿತರ ಗಾಡಿಯಲ್ಲಿ ಓಡಿಸಿ ನೋಡದೆ ಕೊಳ್ಳಬೇಡಿ. ಅದಕ್ಕಿಂತ ಐಎಸ್‌ಐ ಗುರುತಿನ, ಮುಖ ಪೂರ್ತಿ ಮುಚ್ಚುವ, ತಲೆಗೆ ಸರಿಯಾಗಿ ಕೂರುವ ಹೆಲ್ಮೆಟ್ಟಿಗೆ ದುಡ್ಡು ಹಾಕುವುದು ಮೇಲು. ಮೊದಲ ಮಳೆ ಬಿದ್ದ ಸಂಜೆ ಮಳೆಹುಳಗಳೆದ್ದಾಗ ವೈಸರ್ ಏರಿಸಿಕೊಂಡು ಕೆರೆ ಏರಿಯ ಮೇಲೆ ಹೋದವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ.

ಇನ್ನೊಂದು ಮಾತು. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥಕ್ಕೆ ಬೈಕುಗಳನ್ನು ಬಿಡುತ್ತಿಲ್ಲ. ಸರ್ವೀಸ್ ರಸ್ತೆಯೇ ಗತಿ. ಬಿಡದಿ, ಮದ್ದೂರುಗಳಲ್ಲಿ ನಿಂತು ನಿಂತು ಹೋಗುವ ಆ ರಸ್ತೆಯಲ್ಲಿ ನೇಕೆಡ್ ಬೈಕ್ ಹೇಳಿ ಮಾಡಿಸಿದ್ದು. ಮಂಡ್ಯದ ಹತ್ತಿರ ಆಲೆಮನೆಯ ಬೆಲ್ಲದ ವಾಸನೆಯೂ ಬಿಟ್ಟಿ.

ಊರೊಳಗೆ, ಘಾಟಿಯಲ್ಲಿ

ಬೆಂಗಳೂರಿನ ಟ್ರಾಫಿಕ್ಕಿಗೆ ಇದಕ್ಕಿಂತ ಒಳ್ಳೆಯ ಗೇರ್ ಗಾಡಿ ನಾನು ಓಡಿಸಿಲ್ಲ. ಕಣ್ಣು ಎತ್ತರದಲ್ಲಿರುತ್ತದೆ, ಕಾರುಗಳ ತಲೆಯ ಮೇಲಿಂದ ಮುಂದಿನ ಗುಂಡಿ ಕಾಣುತ್ತದೆ. ರೇಸ್ ಬೈಕಿನ ಹಾಗೆ ಮಣಿಕಟ್ಟಿನ ಮೇಲೆ ಭಾರ ಬೀಳುವುದಿಲ್ಲ. ಬಣ್ಣ ಬಳಿಯದ ಹಂಪ್ ಎದುರಾದರೆ ಎದ್ದು ನಿಲ್ಲುವುದು ಸುಲಭ. ಆದರೆ ಹ್ಯಾಂಡಲಿನ ಅಗಲ ಮೈಗೆ ಒಗ್ಗುವ ತನಕ ಎರಡು ಬಸ್ಸಿನ ನಡುವೆ ನುಗ್ಗಲು ಹೋಗಬೇಡಿ. ನನ್ನ ಮೊದಲ ವಾರದಲ್ಲೇ ಒಂದು ಕ್ಯಾಬಿನ ಕನ್ನಡಿ ಹೋಗಿತ್ತು. ತಪ್ಪು ನನ್ನದೇ, ದುಡ್ಡೂ ನನ್ನದೇ.

ಬೇಸಿಗೆಯಲ್ಲಿ ಶಾಖದ ಕಾಟ ಇದೆ. ಲಿಕ್ವಿಡ್ ಕೂಲ್ಡ್ ಎಂಜಿನ್ನುಗಳ ರೇಡಿಯೇಟರ್ ಮುಂದೆ ಬಯಲಿಗೇ ಇರುತ್ತದೆ, ಅದರ ಹಿಂದಿನ ಫ್ಯಾನ್ ಎಳೆದುಕೊಂಡ ಬಿಸಿ ಗಾಳಿ ನೇರ ಸವಾರನ ಮೊಣಕಾಲಿಗೆ. ಏಪ್ರಿಲ್ ಮಧ್ಯಾಹ್ನ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಮೂರು ಸಲ ಕೆಂಪು ದೀಪ ಕಂಡ ಮೇಲೆ ಒಲೆ ಮುಂದೆ ಕೂತ ಹಾಗಾಗುತ್ತದೆ. ಚಡ್ಡಿ ಹಾಕಿಕೊಂಡು ಹೊರಡಬೇಡಿ, ದಪ್ಪ ಜೀನ್ಸೇ ಸರಿ. ಕೀ ತೆಗೆದ ಮೇಲೂ ಕೆಲವು ಗಾಡಿಗಳಲ್ಲಿ ಫ್ಯಾನ್ ಸ್ವಲ್ಪ ಹೊತ್ತು ಸದ್ದು ಮಾಡುತ್ತದೆ, ಗಾಬರಿ ಬೇಡ. ಇಂಥ ಶಾಖ ಬೇಡವೇ ಬೇಡ ಅನ್ನುವವರು ಏರ್ ಕೂಲ್ಡ್ ನೂರೈವತ್ತು, ನೂರರವತ್ತು ಸಿಸಿಯ ಗಾಡಿ ನೋಡಲಿ. ಊರೊಳಗೆ ಅದು ಧಾರಾಳ ಸಾಕು.

ಆಗುಂಬೆ, ಚಾರ್ಮಾಡಿಗಳಿಗೆ ಹೋದಾಗ ಈ ಗಾಡಿ ಯಾಕೆ ಹೀಗಿದೆ ಎಂದು ಅರ್ಥವಾಗುತ್ತದೆ. ಹೇರ್‌ಪಿನ್ ತಿರುವಿನಲ್ಲಿ ಎರಡನೇ ಗೇರು, ಅಗಲ ಹ್ಯಾಂಡಲನ್ನು ಒಂದು ಕೈಯಿಂದ ಮೆತ್ತಗೆ ದಬ್ಬಿದರೆ ಸಾಕು, ಗಾಡಿ ತಾನೇ ವಾಲುತ್ತದೆ. ವೇಗ ನಲವತ್ತು ದಾಟಿರುವುದಿಲ್ಲ, ಮುಖದ ಮೇಲೆ ನಗು ಮಾತ್ರ ಇಳಿಯುವುದಿಲ್ಲ. ಆದರೆ ಇಳಿಜಾರಿನಲ್ಲಿ ಬ್ರೇಕ್ ಮೇಲೇ ಕೂರಬೇಡಿ, ಗೇರ್ ಇಳಿಸಿ ಎಂಜಿನ್ ತಡೆಯಲಿ. 125 ಸಿಸಿ ಮೀರಿದ ಗಾಡಿಗಳಿಗೆ 2019ರ ಏಪ್ರಿಲ್‌ನಿಂದ ಬ್ರೇಕ್ ಹಿಡಿದಾಗ ಚಕ್ರ ಕಚ್ಚಿ ಜಾರದಂತೆ ತಡೆಯುವ ಎಬಿಎಸ್ ಕಡ್ಡಾಯ. ಕೆಲವರು ಮುಂದಿನ ಚಕ್ರಕ್ಕೆ ಮಾತ್ರ ಕೊಟ್ಟು ಕೈತೊಳೆದುಕೊಂಡಿದ್ದಾರೆ. ಮಲೆನಾಡಿನ ಒದ್ದೆ ರಸ್ತೆ ನಿಮ್ಮ ದಾರಿಯಲ್ಲಿದ್ದರೆ ಎರಡೂ ಚಕ್ರಕ್ಕೆ ಇರುವ ಡ್ಯುಯಲ್ ಚಾನೆಲ್ ಕೇಳಿ ತೆಗೆದುಕೊಳ್ಳಿ. ಆಮೇಲೆ ಹಾಕಿಸುತ್ತೇನೆ ಅಂದರೆ ಆಗುವ ಕೆಲಸ ಅಲ್ಲ.

ಎಬಿಎಸ್ ಕೂಡ ಕೈಬಿಡುವ ಜಾಗ ಒಂದಿದೆ. ಸುಗ್ಗಿಯ ಕಾಲದಲ್ಲಿ ಹಳೇ ಮೈಸೂರು ಸೀಮೆಯ ಹಳ್ಳಿ ರಸ್ತೆಗಳಲ್ಲಿ ರಾಗಿ, ಹುರುಳಿ ಹರಡಿ ಗಾಡಿಗಳ ಚಕ್ರದಡಿಯಲ್ಲೇ ಒಕ್ಕಣೆ ಮಾಡಿಸುತ್ತಾರೆ. ಹುರುಳಿ ಬಳ್ಳಿಯ ಕೆಳಗೆ ಉದುರಿದ ಕಾಳು ಇರುತ್ತದಲ್ಲ, ಅದರ ಮೇಲೆ ಟೈರ್ ಹೋಗುವುದೂ ಗೋಲಿಗಳ ಮೇಲೆ ನಡೆಯುವುದೂ ಒಂದೇ. ದೂರದಿಂದ ಕಂಡ ಕೂಡಲೇ ವೇಗ ಇಳಿಸಿ, ಹುಲ್ಲಿನ ಮೇಲೆ ಹೋಗುವಾಗ ಬ್ರೇಕ್ ಮುಟ್ಟದೆ, ಹ್ಯಾಂಡಲ್ ತಿರುಗಿಸದೆ ನೆಟ್ಟಗೆ ದಾಟಿ. ಬಳ್ಳಿ ಚೈನಿಗೆ ಸುತ್ತಿಕೊಂಡಿದೆಯೇ ಎಂದು ಇಳಿದು ನೋಡಿ. ಚೈನ್ ಕವರ್ ನೆಪಮಾತ್ರಕ್ಕಿರುವ ಗಾಡಿ ಇದು.

ಹಿಂದೆ ಕೂರುವವರ ವಿಷಯದಲ್ಲಿ ಸುಳ್ಳು ಹೇಳಲಾರೆ. ಹಿಂದಿನ ಸೀಟು ಒಂದು ಅಂಗೈ ಅಗಲ, ಎತ್ತರ ಬೇರೆ. ಹಿಂಬದಿ ಸವಾರರಿಗೆ ಹಿಡಿಕೆ, ಕಾಲಿಡುವ ಜಾಗ, ಹಿಂದಿನ ಚಕ್ರಕ್ಕೆ ಸೀರೆ ಸಿಕ್ಕದಂತೆ ತಡೆ ಇರಲೇಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮ ಹೇಳುತ್ತದೆ. ಕಂಪನಿಗಳು ಕೊಟ್ಟೂ ಇರುತ್ತವೆ. ಹುಡುಗರು ಅಂದಗೆಡುತ್ತದೆಂದು ಮೊದಲ ದಿನವೇ ಸೀರೆ ಗಾರ್ಡ್ ಬಿಚ್ಚಿಸುತ್ತಾರೆ. ದಯವಿಟ್ಟು ಬಿಚ್ಚಿಸಬೇಡಿ. ನನ್ನ ಅಮ್ಮ ಒಂದೇ ಸಲ ಕೂತಿದ್ದು, ಗಾಂಧಿ ಬಜಾರಿನವರೆಗೆ. ಇಳಿದ ಮೇಲೆ "ಬರೋವಾಗ ನಾನು ಆಟೋದಲ್ಲಿ ಬರ್ತೀನಿ ಕಣೋ, ನೀನು ಹೂವಿನ ಚೀಲ ಮಾತ್ರ ತಗೊಂಡು ಹೋಗು" ಅಂದರು. ಹೂವಿನ ಚೀಲ ನೇತುಹಾಕಲು ಗಾಡಿಯಲ್ಲಿ ಕೊಕ್ಕೆಯೂ ಇರಲಿಲ್ಲ. ಮನೆಗೊಂದೇ ಗಾಡಿ ಇರುವವರು, ಅದರಲ್ಲೇ ರೇಷನ್ನೂ ಮಕ್ಕಳೂ ಹೋಗಬೇಕಾದವರು ನೇಕೆಡ್ ಬೈಕ್ ತೆಗೆದುಕೊಳ್ಳುವುದು ಬೇಡ ಎಂದೇ ನನ್ನ ಸಲಹೆ.

ಆರೈಕೆ ಮತ್ತು ದುಡ್ಡು

ಮುಚ್ಚಿಗೆ ಇಲ್ಲದ ಮನೆಗೆ ಗುಡಿಸುವ ಕೆಲಸ ಹೆಚ್ಚು. ಸಕಲೇಶಪುರದ ಕಡೆಯಿಂದ ಬಂದ ದಿನ ಕೆಮ್ಮಣ್ಣು ರೇಡಿಯೇಟರಿನ ತೆಳು ರೆಕ್ಕೆಗಳ ಮಧ್ಯೆ ಕೂತು ಒಣಗಿದರೆ ಗಾಳಿ ಹಾಯುವುದಿಲ್ಲ, ಎಂಜಿನ್ ಬಿಸಿಯಾಗುತ್ತದೆ. ವಾಟರ್ ಸರ್ವೀಸಿನ ಪ್ರೆಷರ್ ಪೈಪನ್ನು ಅದಕ್ಕೆ ನೇರ ಹಿಡಿಯಲು ಬಿಡಬೇಡಿ, ರೆಕ್ಕೆಗಳು ಮಡಿಚಿಕೊಳ್ಳುತ್ತವೆ. ತೋಟದ ಪೈಪಿನ ಮೆಲುನೀರು, ಮೆತ್ತನೆ ಬ್ರಷ್ ಸಾಕು. ಕೆಲವು ನೂರು ರೂಪಾಯಿಗೆ ಸಿಗುವ ರೇಡಿಯೇಟರ್ ಗಾರ್ಡ್ ಹಾಕಿಸಿಕೊಂಡರೆ ಲಾರಿ ಸಿಡಿಸುವ ಜಲ್ಲಿಯಿಂದಲೂ ರಕ್ಷಣೆ. ಬಾಲ ಚಿಕ್ಕದಾದ್ದರಿಂದ ಮಳೆಗಾಲದಲ್ಲಿ ಹಿಂದಿನ ಚಕ್ರದ ರಾಡಿ ಬೆನ್ನಿನ ಮೇಲೆ ಕತ್ತಿನ ತನಕ ಒಂದು ಗೆರೆ ಎಳೆಯುತ್ತದೆ. ಆಫೀಸಿಗೆ ಬಿಳಿ ಅಂಗಿ ಹಾಕುವವರು ಹಿಂದಿನ ಚಕ್ರಕ್ಕೆ ಒತ್ತಿ ಕೂರುವ ಚಿಕ್ಕ ಮಡ್ಗಾರ್ಡ್, ಅಂದರೆ ಟೈರ್ ಹಗರ್ ಹಾಕಿಸಿಕೊಳ್ಳಲಿ.

ಚೈನಿನದು ದಿನನಿತ್ಯದ ಕಥೆ. ಐನೂರು ಕಿಲೋಮೀಟರಿಗೊಮ್ಮೆ ಒರೆಸಿ ಎಣ್ಣೆ ಕಾಣಿಸಬೇಕು. ಮಳೆಯಲ್ಲಿ ನೆನೆದು ಬಂದರೆ ಆ ರಾತ್ರಿಯೇ. ಬೆಳಗಾಗುವಷ್ಟರಲ್ಲಿ ತುಕ್ಕಿನ ಬಣ್ಣ ಬಂದಿರುತ್ತದೆ. ಪೆಟ್ರೋಲಿನಲ್ಲಿ ತೊಳೆಯಬೇಡಿ, ಕೊಂಡಿಗಳ ಒಳಗಿನ ರಬ್ಬರ್ ಉಂಗುರಗಳು ಹಾಳಾಗುತ್ತವೆ. ಚೈನ್ ಕ್ಲೀನರ್ ಅಥವಾ ಸೀಮೆಎಣ್ಣೆಯಲ್ಲಿ ಒರೆಸಿ, ಸ್ಪ್ರೇ ಹೊಡೆಯಿರಿ. ಸ್ಪ್ರೇ ದುಬಾರಿ ಅನ್ನಿಸಿದರೆ ಗ್ಯಾರೇಜಿನವರು ಹೇಳುವ 90 ನಂಬರಿನ ಗೇರ್ ಆಯಿಲ್ ಹಚ್ಚಿ, ಹೆಚ್ಚಾದದ್ದನ್ನು ಬಟ್ಟೆಯಿಂದ ಒರೆಸಿಬಿಡಿ. ಈ ಕೆಲಸ ಮಾಡುವಾಗ ಎಂಜಿನ್ ಬಂದ್ ಇರಲಿ, ಚಕ್ರವನ್ನು ಕೈಯಿಂದ ತಿರುಗಿಸಿ. ಗೇರ್ ಹಾಕಿ ಓಡಲು ಬಿಟ್ಟು ಬಟ್ಟೆ ಹಿಡಿದವರ ಬೆರಳು ಸ್ಪ್ರಾಕೆಟ್ಟಿಗೆ ಸಿಕ್ಕಿರುವುದುಂಟು.

ಎಲ್ಲ ಬಯಲಿಗೇ ಇರುವುದರ ಲಾಭವೂ ಇದೆ. ಒಂದು ಜೂನ್‌ನಲ್ಲಿ ಸೈಡ್ ಸ್ಟ್ಯಾಂಡ್ ಕೆಸರಿನಲ್ಲಿ ಹೂತು ನನ್ನ ಗಾಡಿ ನಿಂತಲ್ಲೇ ಮಗುಚಿತು. ಕ್ಲಚ್ ಲಿವರ್ ಬಾಗಿತು, ಕನ್ನಡಿ ಒಡೆಯಿತು, ಹ್ಯಾಂಡಲ್ ತುದಿ ಕೆರೆಯಿತು. ಸಾವಿರ ರೂಪಾಯಿಯೊಳಗೆ ಎಲ್ಲ ಮುಗಿಯಿತು. ಅದೇ ಸಾಲಿನಲ್ಲಿ ಬಿದ್ದ ಪಕ್ಕದ ಮನೆ ಹುಡುಗನ ಫೇರಿಂಗ್ ಬೈಕಿಗೆ ಒಂದು ಬದಿಯ ಪ್ಲಾಸ್ಟಿಕ್ಕೇ ಅದರ ಹತ್ತಾರು ಪಟ್ಟಾಯಿತು.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗಂತೂ ಇದು ವರ. ಪ್ಲಾಸ್ಟಿಕ್ ಹಿಂದೆ ಬಚ್ಚಿಡಲು ಏನೂ ಇಲ್ಲ. ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಅದು ಬಡಿದು ನಿಲ್ಲುವ ಫ್ರೇಮಿನ ಚಿಕ್ಕ ಗುಬುಟು ನೋಡಿ. ಅದು ಜಜ್ಜಿದ್ದರೆ ಗಾಡಿ ಜೋರಾಗಿಯೇ ಬಿದ್ದಿದೆ. ಮುಂಚಕ್ರ ಎತ್ತಿಸಿ ಹ್ಯಾಂಡಲ್ ನಿಧಾನ ಹೊರಳಿಸಿ. ಮಧ್ಯದಲ್ಲಿ ಟಕ್ಕನೆ ಹಿಡಿದರೆ ಹ್ಯಾಂಡಲಿನ ಬೇರಿಂಗ್, ಅಂದರೆ ಕೋನ್ ಸೆಟ್ ಹೋಗಿದೆ, ವ್ಹೀಲಿ ಹೊಡೆದ ಗಾಡಿ ಇರಬಹುದು. ಮುಂದಿನ ಫೋರ್ಕ್ ಮೇಲೆ ಎಣ್ಣೆಯ ಉಂಗುರ, ಸ್ಪ್ರಾಕೆಟ್ಟಿನ ಹಲ್ಲು ಗರಗಸದಂತೆ ವಾಲಿರುವುದು, ಫುಟ್‌ರೆಸ್ಟ್ ತುದಿ ಸವೆದಿರುವುದು, ಇವನ್ನೆಲ್ಲ ಬಗ್ಗಿ ಕೂತರೆ ಹತ್ತು ನಿಮಿಷದಲ್ಲಿ ನೋಡಬಹುದು. ಕರ್ಕಶ ಸೈಲೆನ್ಸರ್ ಹಾಕಿದ ಗಾಡಿಯಾದರೆ ಮೂಲ ಸೈಲೆನ್ಸರ್ ಕೊಡದ ಹೊರತು ಮುಂಗಡ ಕೊಡಬೇಡಿ. ದಂಡ ನಿಮ್ಮ ಹೆಸರಿಗೇ ಬರುತ್ತದೆ.

ಹೊಸದಾದರೆ 350 ಸಿಸಿ ಎಂಬ ಗೆರೆಯನ್ನು ನೆನಪಿಡಿ. 2025ರ ಸೆಪ್ಟೆಂಬರ್ 22ರಿಂದ ಅದರವರೆಗಿನ ಬೈಕುಗಳಿಗೆ ಜಿಎಸ್‌ಟಿ ಶೇ. 18, ಅದನ್ನು ದಾಟಿದರೆ ಶೇ. 40. ಹೊಸ ಗಾಡಿಗೆ ಒಟ್ಟಿಗೇ ಕಟ್ಟಬೇಕಾದ ಐದು ವರ್ಷದ ಥರ್ಡ್ ಪಾರ್ಟಿ ವಿಮೆಗೆ 2022ರಲ್ಲಿ ಗೊತ್ತಾದ ದರವೂ ಅದೇ ಗೆರೆಯಲ್ಲಿ 7,365 ರೂಪಾಯಿಯಿಂದ 15,117ಕ್ಕೆ ಜಿಗಿಯುತ್ತದೆ. ಮೇಲಿಂದ ನಮ್ಮ ರಾಜ್ಯದಲ್ಲಿ ಲಕ್ಷ ಮೀರಿದ ಬೈಕಿಗೆ ಶೇ. 18ರ ಜೀವಿತಾವಧಿ ತೆರಿಗೆ. ಶೋರೂಮಿನ ಬೋರ್ಡಿನ ಬೆಲೆಯನ್ನು ನಂಬದೆ ಆನ್ ರೋಡ್ ಬೆಲೆಯನ್ನು ಬರೆಸಿಕೊಳ್ಳಿ. ಊರೊಳಗಿನ ಓಡಾಟಕ್ಕೂ ತಿಂಗಳಿಗೊಂದು ಘಾಟಿಗೂ 150ರಿಂದ 250 ಸಿಸಿ ನನ್ನ ಲೆಕ್ಕದಲ್ಲಿ ಸಾಕೇ ಸಾಕು. ಗಾಳಿ ಹೇಗೂ ಎಂಬತ್ತಕ್ಕಿಂತ ಮುಂದೆ ಬಿಡುವುದಿಲ್ಲವಲ್ಲ. ಟ್ಯಾಂಕ್ ಚಿಕ್ಕದೆಂಬುದೂ ಗಮನದಲ್ಲಿರಲಿ: ಯಮಹಾ ಎಂಟಿ–15ಕ್ಕೆ 10 ಲೀಟರ್, ಎನ್‌ಎಸ್ 200ಕ್ಕೆ 12. ಸೀಟಿನ ಎತ್ತರ ಎಂಟಿ–15ರಲ್ಲಿ 810 ಮಿ.ಮೀ. ಕುಳ್ಳಗಿರುವವರು ಅಳುಕಬೇಕಾಗಿಲ್ಲ, ಸೀಟಿನ ಮುಂಭಾಗ ಸಣ್ಣಗಿದ್ದರೆ ಕಾಲು ನೆಲಕ್ಕೆ ಸಿಗುತ್ತದೆ. ಕೂತು ನೋಡಿಯೇ ತೀರ್ಮಾನಿಸಿ.

ಟೆಸ್ಟ್ ರೈಡಿಗೆ ಶೋರೂಮಿನವರು ಬೆಳಗ್ಗೆ ಹತ್ತಕ್ಕೆ ಕರೆದು ಖಾಲಿ ಅಡ್ಡರಸ್ತೆಯಲ್ಲಿ ಒಂದು ಸುತ್ತು ಹೊಡೆಸುತ್ತಾರೆ. ಒಪ್ಪಬೇಡಿ. ಮಧ್ಯಾಹ್ನ ಒಂದು ಗಂಟೆಗೆ ಹೋಗಿ, ಎರಡು ಸಿಗ್ನಲ್ಲೂ ನಾಲ್ಕು ಹಂಪೂ ಇರುವ ರಸ್ತೆಯಲ್ಲೇ ಓಡಿಸಲು ಕೇಳಿ, ವಾಪಸು ಬರುವಾಗ ಮನೆಯವರನ್ನು ಹಿಂದೆ ಕೂರಿಸಿಕೊಳ್ಳಿ. ಅವರು ಇಳಿದ ಮೇಲೆ ಏನು ಹೇಳುತ್ತಾರೆ ಕೇಳಿಕೊಂಡು, ಆಮೇಲೆ ಬುಕಿಂಗ್ ಹಣ ಕೊಡಿ.